‘ನಿನ್ನೆ ಬಂದಿದ್ದಾರೆ’ ಕನ್ನಡದಲ್ಲಿ ಸರಿ, ಇಂಗ್ಲಿಷಿನಲ್ಲಿ ಯಾಕೆ ತಪ್ಪು?

ಕೆಸುವಿನೆಲೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ವ್ಯಾಕರಣದ ಬಗ್ಗೆ ಒಂದು ಪ್ರಶ್ನೆ ಇದೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇನ್ ರೋಡಿನಿಂದ ಎರಡು ಕಿಲೋಮೀಟರ್ ಒಳಗೆ. ಮೂರು ಎಕರೆ ಅಡಿಕೆ ತೋಟ ಇದೆ. ಹಳೇ ಮನೆಯ ಎರಡು ಕೋಣೆ ರಿಪೇರಿ ಮಾಡಿಸಿ ನಾಲ್ಕು ವರ್ಷದಿಂದ ಹೋಂಸ್ಟೇ ನಡೆಸುತ್ತಿದ್ದೇವೆ. ಅಡುಗೆ, ಕೋಣೆ, ಬರುವವರ ಜೊತೆ ಮೆಸೇಜ್ ಮಾಡೋದು ಎಲ್ಲಾ ನಂದೇ. ನಾನು ಓದಿದ್ದು ಕನ್ನಡ ಮೀಡಿಯಂ, ಪಿಯುಸಿವರೆಗೆ. ಏನು ಹೇಳಬೇಕೋ ಅದನ್ನು ಮೊದಲು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಂಡು ಆಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತೇನೆ.

ಹೋದ ಡಿಸೆಂಬರಿನಲ್ಲಿ ಇಂಗ್ಲೆಂಡಿನಿಂದ ಗಂಡ ಹೆಂಡತಿ ಬಂದಿದ್ದರು. ಬೆಳಗಿನ ರೈಲಿಗೆ ಶಿವಮೊಗ್ಗದಲ್ಲಿ ಇಳಿಯುವವರು. ನಮ್ಮ ಯಜಮಾನರು ಇನ್ನೂ ಕತ್ತಲೆ ಇರುವಾಗಲೇ ಜೀಪ್ ತಗೊಂಡು ಹೋಗಿ ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು. ರೈಲಿನಿಂದ ಇಳಿದವರು ನನಗೆ ಮೆಸೇಜ್ ಹಾಕಿದರು, “ಹ್ಯಾಸ್ ಯುವರ್ ಹಸ್ಬೆಂಡ್ ಲೆಫ್ಟ್ ಯೆಟ್?” ಅಂತ. ನಾನು “ಯೆಸ್, ಹಿ ಹ್ಯಾಸ್ ಆಲ್ರೆಡಿ ಬೀನ್ ಟು ದಿ ಸ್ಟೇಷನ್” ಅಂತ ಬರೆದೆ. ಆಗಲೇ ಸ್ಟೇಷನ್ನಿನಲ್ಲಿದ್ದಾರೆ ಅನ್ನೋದು ನನ್ನ ಲೆಕ್ಕ. ಅವರು ತಿಳಿದುಕೊಂಡದ್ದೇ ಬೇರೆ. ಸ್ಟೇಷನ್ನಿಗೆ ಬಂದು, ಕಾದು, ವಾಪಸ್ ಹೊರಟುಬಿಟ್ಟಿದ್ದಾರೆ ಅಂತ. ಪಾಪ, ಇನ್ನೊಂದು ಕಡೆಯಿಂದ ಹೊರಗೆ ಬಂದು ಟ್ಯಾಕ್ಸಿ ಮಾಡಿಕೊಂಡರು. ಅರವತ್ತು ಕಿಲೋಮೀಟರಿಗಿಂತ ಜಾಸ್ತಿ ದಾರಿ. ಅವರು ನಮ್ಮ ಅಂಗಳದಲ್ಲಿ ಇಳಿದಾಗಲೇ ನನಗೆ ಗೊತ್ತಾಗಿದ್ದು. ಯಜಮಾನರ ಫೋನಿನ ಚಾರ್ಜ್ ಮುಗಿದಿತ್ತು. ಅವರು ಅಲ್ಲಿ ಹೆಸರು ಬರೆದ ರಟ್ಟು ಹಿಡಿದು ಒಂಬತ್ತೂವರೆವರೆಗೆ ನಿಂತೇ ಇದ್ದರು. ನನಗೆ ಎಷ್ಟು ಬೇಜಾರಾಯಿತು ಅಂದರೆ, ಆ ದಿನ ಊಟ ಬಡಿಸುವಾಗ ಅವರ ಮುಖ ನೋಡಲು ಆಗಲಿಲ್ಲ.

ಆ ಅಮ್ಮ ರಿಟೈರ್ ಆದ ಸ್ಕೂಲ್ ಟೀಚರ್. ಹೊರಡುವ ಹಿಂದಿನ ಸಂಜೆ ಜಗಲಿಯ ಮೇಲೆ ಕೂತು, “ನೀವು ಬೇಜಾರು ಮಾಡಿಕೊಳ್ಳದಿದ್ದರೆ” ಅಂತ ಕೇಳಿ, ಕ್ಯಾಲೆಂಡರ್ ಹಾಳೆಯ ಹಿಂದುಗಡೆ ನನ್ನ ನಾಲ್ಕು ವಾಕ್ಯ ಬರೆದು, ಪಕ್ಕದಲ್ಲಿ ತಿದ್ದಿ ಕೊಟ್ಟರು. ಆ ಹಾಳೆ ಅಡುಗೆಮನೆ ಕಪಾಟಿನ ಬಾಗಿಲಿಗೆ ಒಳಗಡೆಯಿಂದ ಅಂಟಿಸಿದ್ದೇನೆ. ಒಂದು ಮೂಲೆಯಲ್ಲಿ ಅರಿಶಿನದ ಕೈ ತಾಗಿ ಹಳದಿ ಆಗಿದೆ. ಅದರಲ್ಲಿ ಇರೋದು ಇಷ್ಟು.

“ಹಿ ಹ್ಯಾಸ್ ಬೀನ್ ಟು ದಿ ಸ್ಟೇಷನ್” ಅಂದಿದ್ದನ್ನು “ಹಿ ಹ್ಯಾಸ್ ಗಾನ್ ಟು ದಿ ಸ್ಟೇಷನ್” ಅಂತ ಮಾಡಿದ್ದಾರೆ.
“ದಿ ಅದರ್ ಗೆಸ್ಟ್ಸ್ ಹ್ಯಾವ್ ಕಮ್ ಯೆಸ್ಟರ್‌ಡೇ” ಅನ್ನೋದು “ಕೇಮ್ ಯೆಸ್ಟರ್‌ಡೇ” ಆಗಿದೆ.
“ವಿ ಆರ್ ರನ್ನಿಂಗ್ ದಿಸ್ ಹೋಂಸ್ಟೇ ಸಿನ್ಸ್ ಫೋರ್ ಇಯರ್ಸ್” ಅಂದಿದ್ದು “ವಿ ಹ್ಯಾವ್ ಬೀನ್ ರನ್ನಿಂಗ್ ದಿಸ್ ಹೋಂಸ್ಟೇ ಫಾರ್ ಫೋರ್ ಇಯರ್ಸ್” ಆಗಿದೆ.
“ಐ ಡಿಡ್ ನಾಟ್ ಮೇಕ್ ಕಾಫಿ ಯೆಟ್” ಬದಲು “ಐ ಹ್ಯಾವ್ ನಾಟ್ ಮೇಡ್ ಕಾಫಿ ಯೆಟ್”.

ತಿದ್ದಿದ್ದು ಗೊತ್ತಾಯಿತು. ಯಾಕೆ ಅನ್ನೋದು ಗೊತ್ತಾಗಲಿಲ್ಲ. ಮಗಳು ಎಂಟನೇ ಕ್ಲಾಸು. ಅವಳ ನೋಟ್ಸಿನಲ್ಲಿ ‘ಯೆಸ್ಟರ್‌ಡೇ ಬಂದರೆ ಪಾಸ್ಟ್ ಟೆನ್ಸ್’ ಅಂತ ಒಂದೇ ಸಾಲು ಇದೆ. ಆದರೆ ನಾವು ‘ನಿನ್ನೆನೇ ಬಂದಿದ್ದಾರೆ’ ಅಂತ ಹೇಳುತ್ತೇವೆ, ಅಲ್ವಾ? ಕನ್ನಡದಲ್ಲಿ ಸರಿಯಾಗಿರೋದು ಅಲ್ಲಿ ಹೇಗೆ ತಪ್ಪಾಗುತ್ತದೆ? ಆಲ್ರೆಡಿ, ಜಸ್ಟ್, ಯೆಟ್, ಸ್ಟಿಲ್ ಇವನ್ನೆಲ್ಲ ಎಲ್ಲಿ ಇಡಬೇಕು? ಮಳೆಗಾಲ, ಬರುವವರು ಕಮ್ಮಿ. ಸೀಸನ್ ಶುರುವಾಗುವ ಮೊದಲು ಕಲಿಯಬೇಕು ಅಂತ ಇದ್ದೇನೆ.

ನಿವೃತ್ತ ಮೇಷ್ಟ್ರು, ಸಾಗರ

ತಂಗೀ, ನಾನು ಹೈಸ್ಕೂಲಿನಲ್ಲಿ 31 ವರ್ಷ ಇಂಗ್ಲಿಷ್ ಪಾಠ ಮಾಡಿದವನು. ಸಾಗರ, ಹೊಸನಗರ ಕಡೆಯ ಮಕ್ಕಳೇ ಎಲ್ಲಾ. ‘ಹ್ಯಾಸ್ ಕಮ್ ಯೆಸ್ಟರ್‌ಡೇ’ ಅಂತ ಬರೆದ ಎಷ್ಟೋ ನೋಟ್‌ಬುಕ್ಕುಗಳಲ್ಲಿ ಕೆಂಪು ಗೆರೆ ಎಳೆದಿದ್ದೇನೆ. ಮಕ್ಕಳು ಯಾಕೆ ಹಾಗೆ ಬರೆಯುತ್ತಾರೆ ಅಂತ ಕೂತು ಯೋಚನೆ ಮಾಡಿದ್ದು ಮಾತ್ರ ತಡವಾಗಿ. ಅದು ದಡ್ಡತನದ ತಪ್ಪಲ್ಲ. ಕನ್ನಡ ಚೆನ್ನಾಗಿ ಬಲ್ಲ ಮಕ್ಕಳೇ ಆ ತಪ್ಪು ಮಾಡುತ್ತಾರೆ.

‘ಬಂದಿದ್ದಾರೆ’ ಅನ್ನೋದನ್ನು ಬಿಡಿಸಿ ನೋಡಿ. ಬಂದು, ಇದ್ದಾರೆ. ನಿನ್ನೆ ಬಂದು, ಇವತ್ತು ಇಲ್ಲೇ ಇದ್ದಾರೆ. ‘ನಿನ್ನೆ’ ಹೋಗಿ ‘ಬಂದು’ಗೆ ಸೇರಿಕೊಳ್ಳುತ್ತದೆ. ‘ಇದ್ದಾರೆ’ ಇವತ್ತಿಗೆ ಉಳಿಯುತ್ತದೆ. ಒಂದೇ ಮಾತಿನಲ್ಲಿ ಎರಡು ದಿನಕ್ಕೂ ಜಾಗ ಇದೆ. ಇಂಗ್ಲಿಷಿನ ‘ಹ್ಯಾವ್ ಕಮ್’ ಹಾಗೆ ಬಿಡಿಸಲು ಬರುವುದಿಲ್ಲ. ಅದು ಇಡಿಯಾಗಿ ಈಗಿನ ಹೊತ್ತಿಗೆ ಸೇರಿದ್ದು. ಅದರ ಜೊತೆ ಬರುವ ಕ್ರಿಯಾವಿಶೇಷಣ, ಅಂದರೆ ಆಡ್ವರ್ಬ್, ಈಗಿನ ಹೊತ್ತನ್ನು ಮುಟ್ಟುವ ಕಾಲವನ್ನೇ ಹೇಳಬೇಕು. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2015 ಇವೆಲ್ಲ ಮುಗಿದುಹೋದ ಕಾಲ. ಆದ್ದರಿಂದ ಅವಕ್ಕೆ ‘ಕೇಮ್’ ಬೇಕು.

ಲಿಂಗನಮಕ್ಕಿ ನಮ್ಮ ಕಡೆಯ ಉದಾಹರಣೆ. ಡ್ಯಾಮ್ ಮುಗಿದಿದ್ದು 1964ರಲ್ಲಿ. “ದಿ ಡ್ಯಾಮ್ ವಾಸ್ ಕಂಪ್ಲೀಟೆಡ್ ಇನ್ 1964”. ಇಸವಿ ಹೇಳಿದ ಮೇಲೆ ‘ಹ್ಯಾಸ್ ಬೀನ್ ಕಂಪ್ಲೀಟೆಡ್’ ಅನ್ನುವ ಹಾಗಿಲ್ಲ. ಮಳೆಗಾಲದಲ್ಲಿ ಸಾಗರದ ಅಂಗಡಿ ಕಟ್ಟೆಯ ಮೇಲೆ ದಿನಾ ಕೇಳುವ ಮಾತು, ಡ್ಯಾಮ್ ಎಷ್ಟಾಯಿತು ಅಂತ. ತುಂಬಬೇಕಾದ್ದು 1,819 ಅಡಿ. “ಇಟ್ ಹ್ಯಾಸ್ ನಾಟ್ ಫಿಲ್ಡ್ ಯೆಟ್” ಅಂದರೆ ಇನ್ನೂ ತುಂಬಿಲ್ಲ. ಮಳೆ ಬರುತ್ತಾ ಇದೆ, ತುಂಬಬಹುದು. “ಇಟ್ ಡಿಡ್ ನಾಟ್ ಫಿಲ್ ಲಾಸ್ಟ್ ಇಯರ್” ಅಂದರೆ ಹೋದ ವರ್ಷ ತುಂಬಲಿಲ್ಲ. ಆ ವರ್ಷದ ಕಥೆ ಮುಗಿಯಿತು.

ಈಗ ನಾನು ಹೇಳಿದ ಕನ್ನಡ ನೋಡಿ. ‘ತುಂಬಿಲ್ಲ’ ಒಂದು, ‘ತುಂಬಲಿಲ್ಲ’ ಇನ್ನೊಂದು. ಇಂಗ್ಲಿಷಿನವರಿಗೆ ಇರುವ ಅದೇ ಭೇದ ನಮ್ಮ ನಾಲಿಗೆಯ ಮೇಲೂ ಇದೆ. ‘ಬಂದಿದ್ದಾರೆ’, ‘ಬಂದರು’ ಅನ್ನುವಾಗ ಅದು ಅಷ್ಟು ಕಾಣುವುದಿಲ್ಲ. ‘ಇಲ್ಲ’ ಸೇರಿಸಿದ ಕೂಡಲೇ ಎದ್ದು ಕಾಣುತ್ತದೆ. ಕೊನೆ ಕೊಯ್ಲಿನ ದಿನ, ಅಂದರೆ ಕೊನೆಗಾರ ಮರ ಹತ್ತಿ ಅಡಿಕೆ ಗೊನೆ ಇಳಿಸುವ ದಿನ, ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಎಂಟು ಗಂಟೆ, ಕಾಫಿ ಕುಡಿದು ತೋಟದ ದಾರಿ ನೋಡುತ್ತಿದ್ದೀರಿ. “ಕೊನೆಗಾರ ಬಂದಿಲ್ಲ” ಅನ್ನುತ್ತೀರಿ. ಸಂಜೆ ಆಯಿತು, ಹಗ್ಗ ದೋಟಿ ಎಲ್ಲಾ ಒಳಗೆ ಇಟ್ಟಿರಿ. ಈಗ “ಕೊನೆಗಾರ ಬರಲಿಲ್ಲ” ಅನ್ನುತ್ತೀರಿ. ಬೆಳಗಿನ ಮಾತು ಪ್ರೆಸೆಂಟ್ ಪರ್ಫೆಕ್ಟ್, ಅಂದರೆ ಹ್ಯಾವ್ ಇಲ್ಲಾ ಹ್ಯಾಸ್ ಸೇರಿದ ರೂಪ, “ಹಿ ಹ್ಯಾಸ್ ನಾಟ್ ಕಮ್”. ಸಂಜೆಯ ಮಾತು ಪಾಸ್ಟ್, “ಹಿ ಡಿಡ್ ನಾಟ್ ಕಮ್”. ಮನುಷ್ಯ ಅವನೇ, ಬಾರದೇ ಇದ್ದಿದ್ದೂ ಅದೇ. ನೀವು ಇನ್ನೂ ದಾರಿ ನೋಡುತ್ತಿದ್ದೀರಾ ಇಲ್ವಾ ಅನ್ನೋದಷ್ಟೇ ವ್ಯತ್ಯಾಸ.

ಇಂಗ್ಲಿಷ್ ವಾಕ್ಯ ಬರೆಯುವ ಮೊದಲು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ ಅಂದಿರಲ್ಲ, ಅದನ್ನು ಬಿಡಬೇಡಿ. ಇಂಗ್ಲಿಷಿನಲ್ಲೇ ಯೋಚನೆ ಮಾಡಿ ಅಂತ ಹೇಳುವವರು ತುಂಬಾ ಜನ. ನಾನು ಒಪ್ಪುವುದಿಲ್ಲ. ಕನ್ನಡದಲ್ಲೇ ಹೇಳಿಕೊಳ್ಳಿ, ಆದರೆ ಒಮ್ಮೆ ‘ಇಲ್ಲ’ ಹಚ್ಚಿ ಹೇಳಿಕೊಳ್ಳಿ. ‘ಕಾಫಿ ಮಾಡಿಲ್ಲ’ ಅಂತ ಬಂತಾ, ‘ಐ ಹ್ಯಾವ್ ನಾಟ್ ಮೇಡ್’. ‘ಕಾಫಿ ಮಾಡಲಿಲ್ಲ’ ಅಂತ ಬಂತಾ, ‘ಐ ಡಿಡ್ ನಾಟ್ ಮೇಕ್’. ನಿಮ್ಮ ನಾಲ್ಕನೇ ವಾಕ್ಯ ಅಲ್ಲಿಗೆ ಸರಿಯಾಯಿತು.

ಮೊದಲನೇ ವಾಕ್ಯ, ಜೀಪಿನದ್ದು. ‘ಹ್ಯಾಸ್ ಗಾನ್’ ಅಂದರೆ ಹೋಗಿದ್ದಾರೆ. ‘ಹ್ಯಾಸ್ ಬೀನ್ ಟು’ ಅಂದರೆ ಹೋಗಿ ಬಂದಿದ್ದಾರೆ. ಅಷ್ಟೇ. ಬೇಕಾದರೆ “ಹಿ ಹ್ಯಾಸ್ ಬೀನ್ ಅಟ್ ದಿ ಸ್ಟೇಷನ್ ಸಿನ್ಸ್ ಫೈವ್” ಅನ್ನಬಹುದಿತ್ತು. ಐದು ಗಂಟೆಯಿಂದ ಸ್ಟೇಷನ್ನಿನಲ್ಲೇ ಇದ್ದಾರೆ ಅಂತ ಆಗುತ್ತದೆ. ‘ಟು’ ಮತ್ತು ‘ಅಟ್’ ನಡುವೆ ಅಷ್ಟು ದೂರ ಇದೆ.

ಇನ್ನು ಜಾಗದ ವಿಷಯ. ಗೋ, ವೆಂಟ್, ಗಾನ್ ಅಂತ ಬಾಯಿಪಾಠ ಮಾಡಿಸುತ್ತಾರಲ್ಲ, ಅದರಲ್ಲಿ ಮೂರನೇ ರೂಪ ಪರ್ಫೆಕ್ಟಿಗೆ ಬೇಕಾದ್ದು. ಆಲ್ರೆಡಿ, ಜಸ್ಟ್, ಎವರ್, ನೆವರ್, ಆಲ್ವೇಸ್ ಇವೆಲ್ಲ ಹ್ಯಾವ್‌ಗೂ ಆ ಮೂರನೇ ರೂಪಕ್ಕೂ ನಡುವೆ ಕೂರುತ್ತವೆ. “ಐ ಹ್ಯಾವ್ ಆಲ್ರೆಡಿ ಸೆಂಟ್ ದಿ ಜೀಪ್”. ಯೆಟ್ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಅದೂ ಪ್ರಶ್ನೆಯಲ್ಲಿ ಇಲ್ಲಾ ‘ನಾಟ್’ ಇರುವಲ್ಲಿ. ಸ್ಟಿಲ್ ಮಾತ್ರ ಹ್ಯಾವ್‌ಗಿಂತ ಮೊದಲೇ ಬರುತ್ತದೆ. “ಹಿ ಸ್ಟಿಲ್ ಹ್ಯಾಸ್ ನಾಟ್ ಕಮ್”. ಸೋ ಫಾರ್ ಅಂದರೆ ಇಲ್ಲಿವರೆಗೆ, ಮೊದಲಿಗೋ ಕೊನೆಗೋ ಹಾಕಬಹುದು.

ಯೆಟ್, ಸ್ಟಿಲ್ ಎರಡಕ್ಕೂ ನಮ್ಮಲ್ಲಿ ‘ಇನ್ನೂ’ ಒಂದೇ. ನಾವು ವ್ಯತ್ಯಾಸವನ್ನು ಧ್ವನಿಯಲ್ಲಿ ತೋರಿಸುತ್ತೇವೆ. “ಕೊನೆಗಾರ ಇನ್ನೂ ಬಂದಿಲ್ಲ” ಅಂತ ಮೆಲ್ಲಗೆ ಹೇಳಿದರೆ ಯೆಟ್. “ಇನ್ನೂ ಬಂದಿಲ್ಲ ಮಾರಾಯ್ತಿ!” ಅಂತ ‘ನೂ’ ಎಳೆದರೆ ಅದು ಸ್ಟಿಲ್. ಕಾಯ್ದು ಸಾಕಾಗಿದೆ ಅಂತ ಅರ್ಥ. ಅತಿಥಿಗಳಿಗೆ ಬರೆಯುವಾಗ ಇದು ಗಮನದಲ್ಲಿರಲಿ. “ಯು ಹ್ಯಾವ್ ನಾಟ್ ಪೇಯ್ಡ್ ಯೆಟ್” ಅಂದರೆ ನೆನಪು ಮಾಡಿದ ಹಾಗೆ. “ಯು ಸ್ಟಿಲ್ ಹ್ಯಾವ್ ನಾಟ್ ಪೇಯ್ಡ್” ಅಂದರೆ ಸಿಟ್ಟು ಮಾಡಿದ ಹಾಗೆ. ಆಲ್ರೆಡಿಯಲ್ಲೂ ಇಂಥದ್ದೇ ಒಂದಿದೆ. “ಹ್ಯಾವ್ ಯು ಈಟನ್ ಯೆಟ್?” ಅಂದರೆ ಊಟ ಆಯ್ತಾ. “ಹ್ಯಾವ್ ಯು ಈಟನ್ ಆಲ್ರೆಡಿ?” ಅಂದರೆ ಅಯ್ಯೋ, ಇಷ್ಟು ಬೇಗ ಆಗೇಹೋಯ್ತಾ. ಬಡಿಸುವವರ ಬಾಯಲ್ಲಿ ಮೊದಲನೆಯದೇ ಚೆಂದ.

ನಿಮ್ಮ ಹೆಸರು ಕೆಸುವಿನೆಲೆ ಅಂತ ನೋಡಿ ಆ ಎಲೆಯಲ್ಲೇ ಮಾಡುವ ಪತ್ರೊಡೆ ನೆನಪಾಯಿತು. “ಹ್ಯಾವ್ ಯು ಎವರ್ ಈಟನ್ ಪತ್ರೊಡೆ?” ಯಾವತ್ತಾದರೂ ತಿಂದಿದ್ದೀರಾ. ಹೌದು ಅಂತ ಉತ್ತರ ಕೊಡುವಾಗ ಎವರ್ ಬಿಟ್ಟುಬಿಡಬೇಕು, “ಯೆಸ್, ಐ ಹ್ಯಾವ್ ಈಟನ್ ಇಟ್”. ಇಲ್ಲ ಅನ್ನುವಾಗ ನಾವು ‘ಯಾವತ್ತೂ ತಿಂದಿಲ್ಲ’ ಅಂತ ಎರಡು ಮಾತು ಹಾಕುತ್ತೇವೆ. ಅದಕ್ಕೇ ಮಕ್ಕಳು ‘ಹ್ಯಾವ್ ನಾಟ್ ನೆವರ್ ಈಟನ್’ ಅಂತ ಬರೆಯುತ್ತಾರೆ. ನೆವರ್ ಒಂದರಲ್ಲೇ ‘ಯಾವತ್ತೂ’ ಮತ್ತು ‘ಇಲ್ಲ’ ಎರಡೂ ಇದೆ. “ಐ ಹ್ಯಾವ್ ನೆವರ್ ಈಟನ್ ಇಟ್”.

ಮೂರನೇ ವಾಕ್ಯದ ಸಿನ್ಸ್, ಫಾರ್ ಬಗ್ಗೆ ಬೇರೆ ಯಾರಾದರೂ ಬರೆಯಲಿ. ಕಣ್ಣು ನೋಯುತ್ತಿದೆ.

ನೈಟ್ ಡ್ಯೂಟಿ, ಶಿವಮೊಗ್ಗ

ಮೇಷ್ಟ್ರಿಗೆ ನಮಸ್ಕಾರ. ಸಿನ್ಸ್, ಫಾರ್ ನಾನು ಹೇಳುತ್ತೇನೆ ಅಕ್ಕ. ನಾನು ನರ್ಸ್. ಬೆಳಿಗ್ಗೆ ಡ್ಯೂಟಿ ಬದಲಾಗುವಾಗ ಪ್ರತಿ ಪೇಷಂಟ್ ಬಗ್ಗೆ ಇಂಗ್ಲಿಷಿನಲ್ಲಿ ಬರೆದು, ಓದಿ ಹೇಳಿ ಹೋಗಬೇಕು. ಆ ಪುಸ್ತಕವೇ ನನಗೆ ಗ್ರಾಮರ್ ಕಲಿಸಿದ್ದು.

ನಮ್ಮ ‘ಇಂದ’ದಲ್ಲೇ ತೊಂದರೆ. ‘ಸೋಮವಾರದಿಂದ ಜ್ವರ’, ‘ಮೂರು ದಿನದಿಂದ ಜ್ವರ’. ಎರಡಕ್ಕೂ ಇಂದ. ಅದಕ್ಕೇ ‘ಫೀವರ್ ಸಿನ್ಸ್ ತ್ರೀ ಡೇಸ್’ ಅನ್ನೋದು ಎಲ್ಲರ ಬಾಯಲ್ಲೂ ಬರುತ್ತದೆ. ನಾನು ಮಾಡಿಕೊಂಡ ಉಪಾಯ ಸುಲಭ. ಕನ್ನಡದಲ್ಲಿ ಪ್ರಶ್ನೆ ಕೇಳಿಕೊಳ್ಳೋದು. ‘ಯಾವಾಗಿನಿಂದ?’ ಅನ್ನೋದಕ್ಕೆ ಉತ್ತರ ಆದರೆ ಸಿನ್ಸ್. ಸೋಮವಾರದಿಂದ, ಆರು ಗಂಟೆಯಿಂದ, ಅಡ್ಮಿಟ್ ಆದಾಗಿನಿಂದ. ‘ಎಷ್ಟು ದಿನದಿಂದ? ಎಷ್ಟು ಹೊತ್ತಿನಿಂದ?’ ಅನ್ನೋದಕ್ಕೆ ಉತ್ತರ ಆದರೆ ಫಾರ್. ಮೂರು ದಿನ, ನಾಲ್ಕು ವರ್ಷ. ನಿಮ್ಮ ಹೋಂಸ್ಟೇ ಎಷ್ಟು ವರ್ಷದಿಂದ? ನಾಲ್ಕು. ಆದ್ದರಿಂದ ಫಾರ್ ಫೋರ್ ಇಯರ್ಸ್. ‘ಆರ್ ರನ್ನಿಂಗ್’ ಯಾಕೆ ಆಗಲ್ಲ ಅಂದರೆ, ಅದು ಈಗ ನಡೆಸುತ್ತಿರೋದನ್ನು ಮಾತ್ರ ಹೇಳುತ್ತದೆ. ಹಿಂದಿನಿಂದ ಇಲ್ಲಿವರೆಗೆ ಬಂದಿದ್ದನ್ನು ಹೇಳಲು ‘ಹ್ಯಾವ್ ಬೀನ್’ ಬೇಕು.

ಇನ್ನೊಂದು. ‘ಇಷ್ಟು ಗಂಟೆಗೆ’ ಅಂತ ‘ಅಟ್’ ಹಾಕಿ ಗಡಿಯಾರದ ಟೈಮ್ ಬರೆದರೆ ಪರ್ಫೆಕ್ಟ್ ಬಿಡಬೇಕು. “ಇಂಜೆಕ್ಷನ್ ಹ್ಯಾಸ್ ಬೀನ್ ಗಿವನ್ ಅಟ್ 6” ಅಂತ ನಾನು ಮೊದಲ ವರ್ಷ ಪೂರ್ತಿ ಬರೆದಿದ್ದೇನೆ. “ವಾಸ್ ಗಿವನ್ ಅಟ್ 6” ಸರಿ. ಟೈಮ್ ಹೇಳದೆ “ಹ್ಯಾಸ್ ಬೀನ್ ಗಿವನ್” ಅಂದರೂ ಸರಿ.

ಇದು ಬರೀ ಮಾರ್ಕಿನ ವಿಷಯ ಅಲ್ಲ ಅಂತ ನನಗೆ ಒಂದು ಬೆಳಿಗ್ಗೆ ಗೊತ್ತಾಯಿತು. ವಯಸ್ಸಾದ ಒಬ್ಬ ಅಜ್ಜನಿಗೆ ರಾತ್ರಿಯಿಂದ ಮೂತ್ರ ಆಗಿರಲಿಲ್ಲ. ನಾನು “ಡಿಡ್ ನಾಟ್ ಪಾಸ್ ಯೂರಿನ್ ಲಾಸ್ಟ್ ನೈಟ್” ಅಂತ ಬರೆದಿದ್ದೆ. ಓದಿದ ಸೀನಿಯರ್ ಸಿಸ್ಟರ್ ಕೇಳಿದರು, “ರಾತ್ರಿ ಆಗಲಿಲ್ಲ, ಸರಿ. ಬೆಳಿಗ್ಗೆ ಆಯ್ತಾ?” ಬೆಳಿಗ್ಗೆಯೂ ಆಗಿರಲಿಲ್ಲ. ನನ್ನ ವಾಕ್ಯ ರಾತ್ರಿಗೇ ನಿಂತುಬಿಟ್ಟಿತ್ತು. ಅವರು ಅದನ್ನು ಹೊಡೆದು “ಹ್ಯಾಸ್ ನಾಟ್ ಪಾಸ್ಡ್ ಯೂರಿನ್ ಸಿನ್ಸ್ 10 ಪಿಎಂ” ಅಂತ ಬರೆಸಿದರು. ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ, ಇನ್ನೂ ಆಗಿಲ್ಲ, ಈಗಲೇ ನೋಡಬೇಕು ಅಂತ. ಡಾಕ್ಟರು ಬಂದು ಟ್ಯೂಬ್ ಹಾಕಿದರು. ಅಜ್ಜ ಆರಾಮಾಗಿ ಮಲಗಿದರು. ಆಮೇಲೆ ನಾನು ಲಾಸ್ಟ್ ನೈಟ್ ಅಂತ ಬರೆಯುವ ಮೊದಲು ಎರಡು ಸಲ ಯೋಚಿಸುತ್ತೇನೆ.

ಭದ್ರಾವತಿಯವ

ಮೇಷ್ಟ್ರೇ, ನೀವು ಹೇಳಿದ ‘ಇಲ್ಲ’ ಪರೀಕ್ಷೆ ತುಂಬಾ ಇಷ್ಟ ಆಯಿತು. ಆದರೆ ಒಂದು ಅನುಮಾನ. ನಮ್ಮ ಮನೆಯಲ್ಲಿ ‘ನಿನ್ನೆ ಹಾಲಿನವನು ಬಂದಿಲ್ಲ’ ಅಂತ ಧಾರಾಳವಾಗಿ ಹೇಳುತ್ತೇವೆ. ನನ್ನ ಹೆಂಡತಿ ಮೈಸೂರಿನವಳು. ಅವಳು ‘ಇನ್ನೂ ಬರ್ಲಿಲ್ಲ’ ಅನ್ನುತ್ತಾಳೆ. ಹಾಗಿದ್ದರೆ ನಿಮ್ಮ ಪರೀಕ್ಷೆ ನಮ್ಮ ಮನೆಯಲ್ಲಿ ಎರಡೂ ಕಡೆ ಕೈ ಕೊಡುತ್ತದಲ್ಲ?

ನಿವೃತ್ತ ಮೇಷ್ಟ್ರು, ಸಾಗರ

ಒಳ್ಳೆಯ ಪ್ರಶ್ನೆ. ನೀವು ಹೇಳಿದ್ದು ನಿಜ. ಆಡುಮಾತಿನಲ್ಲಿ ಅವೆರಡೂ ಒಂದರ ಜಾಗಕ್ಕೆ ಒಂದು ಬರುತ್ತವೆ, ಊರಿಂದ ಊರಿಗೆ ಬೇರೆ. ಆದ್ದರಿಂದ ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ‘ಬಂದಿಲ್ಲ’ವೋ ‘ಬರಲಿಲ್ಲ’ವೋ ಅಂತ ನೋಡುವುದರ ಜೊತೆ, ಅದರ ಹಿಂದೆ ‘ಇನ್ನೂ’ ಹಾಕಲು ಬರುತ್ತದಾ ನೋಡಿ. ‘ಇನ್ನೂ ಬರ್ಲಿಲ್ಲ’ ನಿಮ್ಮ ಮನೆಯವರ ಬಾಯಲ್ಲಿ ಸಹಜವಾಗಿ ಬರುತ್ತದೆ. ಅಲ್ಲಿ ಕಾಯುವುದು ಮುಗಿದಿಲ್ಲ, ಇಂಗ್ಲಿಷಿನಲ್ಲಿ ಹ್ಯಾಸ್ ನಾಟ್ ಕಮ್. ‘ನಿನ್ನೆ ಇನ್ನೂ ಹಾಲಿನವನು ಬಂದಿಲ್ಲ’ ಅಂತ ಯಾರಾದರೂ ಹೇಳುತ್ತಾರಾ? ಹೇಳುವುದಿಲ್ಲ. ಅಲ್ಲಿ ‘ಇನ್ನೂ’ಗೆ ಜಾಗವೇ ಇಲ್ಲ. ಅದು ಡಿಡ್ ನಾಟ್ ಕಮ್. ಕ್ರಿಯಾಪದ ಮೋಸ ಮಾಡಿದರೂ ‘ಇನ್ನೂ’ ಮೋಸ ಮಾಡುವುದಿಲ್ಲ.

ಇದೇ ಹೊತ್ತಿಗೆ ‘ಆಗಲೇ’ ಬಗ್ಗೆ ಎಚ್ಚರಿಕೆ ಹೇಳಿಬಿಡುತ್ತೇನೆ, ಮೊದಲ ಉತ್ತರದಲ್ಲಿ ಬಿಟ್ಟುಹೋಯಿತು. ನಮ್ಮ ‘ಆಗಲೇ’ಗೆ ಎರಡು ಅರ್ಥ ಇದೆ. ‘ಬಸ್ಸು ಆಗಲೇ ಹೋಗಿದೆ’ ಅಂದರೆ ಆಲ್ರೆಡಿ. ‘ಆಗಲೇ ಫೋನ್ ಮಾಡಿದ್ದೆ, ನೀವು ಎತ್ತಲಿಲ್ಲ’ ಅಂದರೆ ಸ್ವಲ್ಪ ಹೊತ್ತಿಗೆ ಮುಂಚೆ. ಈ ಎರಡನೆಯದು ಆಲ್ರೆಡಿ ಅಲ್ಲ. “ಐ ಕಾಲ್ಡ್ ಯು ಅರ್ಲಿಯರ್”. ಇಲ್ಲಿ ಮಕ್ಕಳು ತುಂಬಾ ಜಾರುತ್ತಾರೆ. ‘ಈಗ ತಾನೇ’ಯಲ್ಲೂ ಹಾಗೇ. ಜಸ್ಟ್ ಒಂದೇ ಇದ್ದರೆ ನಡುವೆ ಹಾಕಿ, “ಹಿ ಹ್ಯಾಸ್ ಜಸ್ಟ್ ಲೆಫ್ಟ್”. ಜಸ್ಟ್ ನೌ ಅಂತ ಎರಡು ಮಾತು ಮಾಡಿದರೆ ಸಾಮಾನ್ಯವಾಗಿ ಕೊನೆಗೆ ಹೋಗುತ್ತದೆ, ಕ್ರಿಯಾಪದವೂ ಪಾಸ್ಟ್ ಆಗುತ್ತದೆ, “ಹಿ ಲೆಫ್ಟ್ ಜಸ್ಟ್ ನೌ”.

ಟುಡೇ, ದಿಸ್ ಮಾರ್ನಿಂಗ್ ಇಂಥವುಗಳಿಗೆ ಕಟ್ಟುನಿಟ್ಟು ಇಲ್ಲ. ಹೊತ್ತು ನೋಡಿ ಹೇಳಬೇಕು. ಬೆಳಿಗ್ಗೆ ಹತ್ತಕ್ಕೆ “ಐ ಹ್ಯಾವ್ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್”. ಅದೇ ಮಾತು ಸಂಜೆ ಹೇಳಿದರೆ “ಐ ಹ್ಯಾಡ್”. ಬೆಳಗು ಮುಗಿಯಿತಲ್ಲ.

ಹೊಸನಗರದ ಹುಡುಗ, ಈಗ ಅಮೆರಿಕದಲ್ಲಿ

ಅಕ್ಕ, ನಿಮ್ಮ ನಾಲ್ಕನೇ ವಾಕ್ಯದ ಬಗ್ಗೆ ಮಾತ್ರ. “ಐ ಡಿಡ್ ನಾಟ್ ಮೇಕ್ ಕಾಫಿ ಯೆಟ್” ಅಂತ ಇಲ್ಲಿ ಆಫೀಸಿನಲ್ಲಿ ದಿನಾ ಕೇಳುತ್ತೇನೆ. “ಡಿಡ್ ಯು ಈಟ್ ಯೆಟ್?”, “ಐ ಆಲ್ರೆಡಿ ಏಟ್”, “ಹಿ ಜಸ್ಟ್ ಲೆಫ್ಟ್” ಎಲ್ಲಾ ಅಮೆರಿಕನ್ನರ ಮಾತಿನಲ್ಲಿ ಸಹಜ. ಆಲ್ರೆಡಿ, ಜಸ್ಟ್, ಯೆಟ್ ಈ ಮೂರಕ್ಕೆ ಇಲ್ಲಿ ಪಾಸ್ಟ್ ಟೆನ್ಸ್ ನಡೆಯುತ್ತದೆ. ನಿಮ್ಮ ಅತಿಥಿ ಇಂಗ್ಲೆಂಡಿನ ಟೀಚರ್ ಆಗಿದ್ದಕ್ಕೆ ತಿದ್ದಿದರು. ಮಗಳ ಪರೀಕ್ಷೆಗೂ ಅವರು ಹೇಳಿದ್ದೇ ಸರಿ, ಅದನ್ನೇ ಕಲಿಸಿ. ಆದರೆ ಅಮೆರಿಕದಿಂದ ಬಂದವರು “ಡಿಡ್ ಹಿ ಲೀವ್ ಯೆಟ್?” ಅಂತ ಕೇಳಿದರೆ ಗಾಬರಿ ಆಗಬೇಡಿ, ಅವರು ತಪ್ಪು ಮಾತಾಡುತ್ತಿಲ್ಲ. ಹಾಗಂತ ಉಳಿದಿದ್ದು ಸಡಿಲ ಆಗಲ್ಲ. ‘ಹ್ಯಾವ್ ಕಮ್ ಯೆಸ್ಟರ್‌ಡೇ’, ‘ಸಿನ್ಸ್ ಫೋರ್ ಇಯರ್ಸ್’ ಇಲ್ಲೂ ತಪ್ಪೇ.

ಪತ್ರೊಡೆ ಸುದ್ದಿ ಓದಿ ಬಾಯಲ್ಲಿ ನೀರೂರಿತು. ಐ ಹ್ಯಾವ್ ನಾಟ್ ಈಟನ್ ಇಟ್ ಫಾರ್ ಸಿಕ್ಸ್ ಇಯರ್ಸ್. ಅಮ್ಮ ಪ್ರತಿ ಆಷಾಢದಲ್ಲಿ ಫೋಟೋ ಕಳಿಸುತ್ತಾರೆ.

ಕೆಸುವಿನೆಲೆ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಎರಡು ದಿನ ಉತ್ತರ ಬರೆಯಲು ಆಗಲಿಲ್ಲ, ಕ್ಷಮಿಸಿ. ಮಳೆಗೆ ಮರ ಬಿದ್ದು ಲೈನ್ ತುಂಡಾಗಿದೆ. ಪಕ್ಕದ ಮನೆಯಲ್ಲಿ ಸೋಲಾರ್ ಇದೆ, ಅಲ್ಲಿ ಫೋನ್ ಚಾರ್ಜ್ ಮಾಡಿಕೊಂಡು ಬರೆಯುತ್ತಿದ್ದೇನೆ.

ಮೇಷ್ಟ್ರೇ, ಕೊನೆಗಾರನ ಮಾತು ಓದಿ ನನ್ನ ಯಜಮಾನರಿಗೂ ಓದಿ ಹೇಳಿದೆ. ನಮ್ಮಲ್ಲೂ ಬೆಳಿಗ್ಗೆ ‘ಬಂದಿಲ್ಲ’, ಸಂಜೆ ‘ಬರಲಿಲ್ಲ’ ಅಂತಲೇ ಹೇಳೋದು. ಇಷ್ಟು ವರ್ಷ ಹೇಳುತ್ತಾ ಇದ್ದರೂ ಗಮನಿಸಿರಲಿಲ್ಲ. ಮಗಳು ನಿನ್ನೆ ಚಿಮಣಿ ದೀಪದಲ್ಲಿ ಕೂತು ಅವಳ ಪುಸ್ತಕದ ಹನ್ನೆರಡು ವಾಕ್ಯಕ್ಕೂ ‘ಇನ್ನೂ’ ಹಾಕಿ ನೋಡಿದಳು. ಹನ್ನೊಂದು ಸರಿ ಬಂತು. ತಪ್ಪಿದ್ದು ಬಿಫೋರ್ ಇರುವ ವಾಕ್ಯ. “ಐ ಹ್ಯಾವ್ ಸೀನ್ ದಿಸ್ ಬಿಫೋರ್” ಅಂತ ಇತ್ತು. ಅವಳು ‘ಹಿಂದೆ’ ಅಂತ ಓದಿ, ಅಗೋ ಇದ್ದ ಹಾಗೆ ಅಂತ ತಿಳಿದು ‘ಸಾ’ ಅಂತ ಮಾಡಿದ್ದಳು.

ಇಂಗ್ಲೆಂಡಿನ ಅಮ್ಮ ಮೊನ್ನೆ ಮಳೆ ಹೇಗಿದೆ ಅಂತ ಕೇಳಿ ಮೆಸೇಜ್ ಹಾಕಿದ್ದಾರೆ. ನಾನು ಉತ್ತರ ಬರೆದಿದ್ದೇನೆ, ಕಳಿಸಿಲ್ಲ. ಒಮ್ಮೆ ನೋಡಿ ಕೊಡಿ.

“ಇಟ್ ಹ್ಯಾಸ್ ರೇನ್ಡ್ ಫಾರ್ ಸಿಕ್ಸ್ ಡೇಸ್. ಎ ಟ್ರೀ ಫೆಲ್ ಆನ್ ದಿ ಲೈನ್ ಆನ್ ಟ್ಯೂಸ್‌ಡೇ. ವಿ ಹ್ಯಾವ್ ನಾಟ್ ಹ್ಯಾಡ್ ಪವರ್ ಸಿನ್ಸ್ ದೆನ್. ದಿ ಲೈನ್‌ಮನ್ ಸ್ಟಿಲ್ ಹ್ಯಾಸ್ ನಾಟ್ ಕಮ್. ಮೈ ಹಸ್ಬೆಂಡ್ ಹ್ಯಾಸ್ ಗಾನ್ ಟು ದಿ ಮೇನ್ ರೋಡ್ ಟು ಮೀಟ್ ಹಿಮ್. ಐ ಹ್ಯಾವ್ ಆಲ್ರೆಡಿ ಮೇಡ್ ಪತ್ರೊಡೆ ಟ್ವೈಸ್ ದಿಸ್ ಮಂತ್.”

ನಿವೃತ್ತ ಮೇಷ್ಟ್ರು, ಸಾಗರ

ತಂಗೀ, ನನಗೆ ಬಹಳ ಸಂತೋಷ ಆಯಿತು. ‘ಫೆಲ್ ಆನ್ ಟ್ಯೂಸ್‌ಡೇ’ ಅಂತ ಪಾಸ್ಟ್ ಹಾಕಿ, ಮುಂದಿನ ವಾಕ್ಯದಲ್ಲೇ ‘ಹ್ಯಾವ್ ನಾಟ್ ಹ್ಯಾಡ್ ಸಿನ್ಸ್ ದೆನ್’ ಅಂತ ಪರ್ಫೆಕ್ಟಿಗೆ ಬಂದಿದ್ದೀರಲ್ಲ, ಅದನ್ನು ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಕಲಿಸಲು ನಾನು ಎಷ್ಟೋ ಕಷ್ಟಪಟ್ಟಿದ್ದೇನೆ. ಮೊದಲ ವಾಕ್ಯ ಒಂದು ಮಾತ್ರ ಬದಲಾಯಿಸಿ, “ಇಟ್ ಹ್ಯಾಸ್ ಬೀನ್ ರೇನಿಂಗ್ ಫಾರ್ ಸಿಕ್ಸ್ ಡೇಸ್”. ನೀವು ಬರೆದಿದ್ದು ತಪ್ಪಲ್ಲ. ಆದರೆ ಮಳೆ ಈಗಲೂ ಹೊಡೆಯುತ್ತಾ ಇದೆ ಅಂತ ಕಾಣಬೇಕಾದರೆ ಹೀಗೆ ಹೇಳೋದು ಚೆಂದ.

ಮಗಳಿಗೆ ಹೇಳಿ, ಬಿಫೋರ್ ಒಂದೇ ನಿಂತರೆ ‘ಈ ಮುಂಚೆ’ ಅಂತ ಓದಬೇಕು. ಎಷ್ಟು ದಿನದ ಹಿಂದೆ ಅಂತ ಲೆಕ್ಕ ಹೇಳಿದರೆ ಅಗೋ. ‘ಈ ಮುಂಚೆ ನೋಡಿದ್ದೇನೆ’ಗೆ ಹ್ಯಾವ್ ಸೀನ್. ‘ಎರಡು ವರ್ಷದ ಹಿಂದೆ ನೋಡಿದೆ’ಗೆ ಸಾ. ಹನ್ನೆರಡರಲ್ಲಿ ಹನ್ನೊಂದು ಅಂದರೆ ಕಮ್ಮಿ ಅಲ್ಲ.

ಕೆಸುವಿನೆಲೆ, ತೀರ್ಥಹಳ್ಳಿ ತಾಲ್ಲೂಕು

ತಿದ್ದಿ ಕಳಿಸಿದೆ ಮೇಷ್ಟ್ರೇ. ಲೈನ್‌ಮನ್ ವಾಕ್ಯವನ್ನೂ ಬದಲಾಯಿಸಬೇಕಾಯಿತು. ಕಳಿಸುವಷ್ಟರಲ್ಲಿ ಯಜಮಾನರು ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದರು. ‘ಸ್ಟಿಲ್ ಹ್ಯಾಸ್ ನಾಟ್ ಕಮ್’ ಹೊಡೆದು ‘ಹ್ಯಾಸ್ ಜಸ್ಟ್ ಕಮ್’ ಅಂತ ಬರೆದೆ. ಈಗ ಏಣಿ ಹಿಡಿಯಲು ಕರೆಯುತ್ತಿದ್ದಾರೆ, ಹೋಗುತ್ತೇನೆ.